ರೇವು ಬಿಲ್ಲಿಗೆ ಅತ್ತೆ ಕೊಟ್ಟ ಕಾರಣ

ವಿಜಯವಾಡ
ಮೇ ೧೦, ಶನಿವಾರ

ಪ್ರೀತಿಯ ಧನ್ಯಕ್ಕಾ,

ನನಗೆ ಕೆಲಸ ಸಿಕ್ಕಿತು, ಅದೂ ಮನೆಯೊಳಗೇ, ಅದೂ ನಮ್ಮ ಅತ್ತೆಯ ಹತ್ತಿರವೇ. ಇದನ್ನು ಬರೆಯೋಣವೆಂದರೆ ಭಾನು ಕಾಲೇಜಿಗೆ ಹೊರಡಲೇ ಇಲ್ಲ. ಅವರು ಎದುರಿಗಿದ್ದರೆ ನನಗೆ ಎರಡು ಸಾಲು ನೆಟ್ಟಗೆ ಬರೆಯಲು ಆಗುವುದಿಲ್ಲ. ಮದುವೆಯಾಗಿ ಮೂರು ವಾರವಾದರೂ ಅವರು ಶರ್ಟಿನ ತೋಳು ಮಡಚುವುದನ್ನೇ ನೋಡುತ್ತ ಕೂತುಬಿಡುತ್ತೇನೆ. ನಗಬೇಡ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀ. ಈ ಮನೆಯ ಹಾಲ್‌ನಲ್ಲಿ ಯಾವಾಗ ನೋಡಿದರೂ ಹದಿನೈದು ಜನ ಕೂತಿರುತ್ತಾರೆ. ಕನ್ನಡದಲ್ಲಿ ಮಾತಾಡಿದರೆ ಅವರಿಗೆ ತಿಳಿಯುವುದಿಲ್ಲ ನಿಜ, ಅತ್ತೆಗೆ ತಿಳಿಯುತ್ತದೆ. ಅತ್ತೆಯ ಬಗ್ಗೆ ಅತ್ತೆಗೆ ಕೇಳುವಂತೆ ಹೇಗೆ ಹೇಳಲಿ?

ಕನಕದುರ್ಗ ಅತ್ತೆ ಶಾಸಕಿ ಎಂಬುದು ನಮಗೆ ಗೊತ್ತಿತ್ತು. ಶಾಸಕಿ ಎಂದರೆ ದಿನವೂ ಏನು ಮಾಡುತ್ತಾರೆ ಎಂಬುದು ಗೊತ್ತಿರಲಿಲ್ಲ, ಅಲ್ಲವಾ? ಅತ್ತೆ ಯಾವ ಪಕ್ಷಕ್ಕೂ ಸೇರಿಲ್ಲ, ಹಾಗಾಗಿ ಹೀಗೇ ಮತ ಹಾಕು ಎಂದು ಅವರಿಗೆ ಹೇಳುವವರಿಲ್ಲ. ಹೇಳುವವರಿಲ್ಲದ ಮೇಲೆ ಯಾಕೆ ಹಾಗೆ ಹಾಕಿದೆ ಎಂದು ನಾನೇ ಜನಕ್ಕೆ ಹೇಳಬೇಕು ಎನ್ನುತ್ತಾರೆ. ವಿಧಾನಸಭೆಯಲ್ಲಿ ಒಂದೊಂದು ಬಿಲ್ಲಿಗೂ ಮತ ಹಾಕಿ ಬಂದ ಮೇಲೆ ಒಂದು ಹಾಳೆ ಬರೆದು ನಮ್ಮ ಗೇಟಿನ ಬೋರ್ಡಿಗೆ ಅಂಟಿಸುತ್ತಾರೆ: ಬಿಲ್ಲು ಏನು, ನಾನು ಬೇಕು ಎಂದೆನೋ ಬೇಡ ಎಂದೆನೋ, ಯಾಕೆ. ಕೊನೆಯಲ್ಲಿ, ಈ ಕಾರಣ ತಪ್ಪೆನಿಸಿದರೆ ಬಂದು ಹೇಳಿ ಎಂಬ ಸಾಲು. ಜನ ನಿಜವಾಗಿಯೂ ಬಂದು ಹೇಳುತ್ತಾರೆ ಅಕ್ಕಾ. ಇಬ್ರಾಹಿಂಪಟ್ನಂನಿಂದ ಬಸ್ಸು ಹತ್ತಿ ಬಂದು, ಮಜ್ಜಿಗೆ ಕುಡಿದು, ಒಂದು ಗಂಟೆ ಜಗಳವಾಡಿ ಹೋಗುತ್ತಾರೆ.

ಸಭೆಯಲ್ಲಿ ಬಹಳ ಸಲ ಮತ ಎಣಿಸುವುದೇ ಇಲ್ಲವಂತೆ. ಒಪ್ಪುವವರು ಒಟ್ಟಿಗೆ ಕೂಗುತ್ತಾರೆ, ಒಪ್ಪದವರು ಒಟ್ಟಿಗೆ ಕೂಗುತ್ತಾರೆ, ಯಾರ ಹೆಸರೂ ಎಲ್ಲೂ ದಾಖಲಾಗುವುದಿಲ್ಲ. ಹಾಗಾಗಿ ಅತ್ತೆ ಏನು ಕೂಗಿದರು ಎಂಬುದಕ್ಕೆ ಆ ಹಾಳೆಯೊಂದೇ ಸಾಕ್ಷಿ.

ತೆಲುಗು ಹಾಳೆ ಅವರೇ ಬರೆಯುತ್ತಾರೆ. ಇಂಗ್ಲಿಷ್ ಹಾಳೆ ಇನ್ನು ಮೇಲೆ ನನ್ನದು. "ನೀನು ಕಾನ್ವೆಂಟು ಕದಾ, ನಾನು ಕನ್ನಡದಲ್ಲಿ ಹೇಳ್ತೀನಿ, ನೀನು ಇಂಗ್ಲಿಷ್ ಮಾಡು" ಎಂದರು. ಅವರ 'ಕದಾ' ನಮ್ಮ 'ಅಲ್ವಾ' ಇದ್ದಂತೆ. ಅವರ ತಾಯಿ ಬಳ್ಳಾರಿಯವರು, ತಂದೆ ಇಲ್ಲಿಯವರು. ತಾಯಿ ಹೋದ ಮೇಲೆ ಇಪ್ಪತ್ತು ವರ್ಷ ಈ ಮನೆಯಲ್ಲಿ ಅವರ ಜೊತೆ ಕನ್ನಡ ಆಡುವವರೇ ಇರಲಿಲ್ಲವಂತೆ. ಈಗ ನಾನು ಬಂದಿದ್ದೇನೆ. ಅಡುಗೆಮನೆಯಲ್ಲಿ ನನ್ನನ್ನು "ಕೂಚೋ, ಕೂಚೋ" ಎಂದು ಕೂರಿಸಿಕೊಂಡು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮಾತಾಡುವಾಗ ಅವರ ಮುಖ ನೋಡಬೇಕು ನೀನು. ಸೊಸೆಯರಲ್ಲಿ ಯಾರಿಗೆ ಸಿಗುತ್ತದೆ ಇದು?

ಹೆದರಿಕೆಯೂ ಇದೆ. ನಿನ್ನೆ ಮೂರು ಸಲ ಎದ್ದು ಹೋಗಿ ನನ್ನ ಹಾಳೆ ಅಂಟಬೇಕಾದ ಬೋರ್ಡು ನೋಡಿ ಬಂದೆ. ನನ್ನ ತೆಲುಗು ಎಂಟು ತಿಂಗಳದ್ದು, ಅದೂ ನಿನಗೆ ವರ್ಗವಾಗಿ ನಾವು ಗಾಜುವಾಕಕ್ಕೆ ಬಂದ ಮೇಲೆ ಅಲ್ಲಿಯ ಆಟೋದವರ ಜೊತೆ ಕಲಿತದ್ದು. ಆದರೆ ಅವರು ಹೇಳುವುದು ಕನ್ನಡದಲ್ಲಿ ತಾನೇ, ಅದರಲ್ಲಿ ತಪ್ಪುವುದು ಏನಿದೆ?

ಅಮ್ಮನಿಗೆ ಓದಿ ಹೇಳು. ಶರ್ಟಿನ ತೋಳಿನ ಭಾಗ ಬಿಟ್ಟು.

ನಿನ್ನ ತಂಗಿ,
ಹರಿಣಿ


ಗಾಜುವಾಕ, ವಿಶಾಖಪಟ್ಟಣಂ
ಮೇ ೧೭

ಹರಿಣಿ,

ಅಮ್ಮನಿಗೆ ಪೂರ್ತಿ ಓದಿದೆ, ತೋಳಿನ ಭಾಗವನ್ನೂ. ಅವಳು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡಳು.

ಒಂದು ಮಾತು. ನಮ್ಮ ಬ್ಯಾಂಕಿನಲ್ಲಿ ಬರೆದವರು ಒಬ್ಬರು, ನೋಡಿದವರು ಇನ್ನೊಬ್ಬರು, ಇಬ್ಬರ ಸಹಿ ಬೀಳದೆ ಯಾವ ಕಾಗದವೂ ಹೊರಗೆ ಹೋಗುವುದಿಲ್ಲ. ನೀನು ಬರೆದದ್ದನ್ನು ಅವರು ಓದಿದ ಮೇಲೆಯೇ ಬೋರ್ಡಿಗೆ ಹೋಗಲಿ. ನಾಚಿಕೆ ಪಡಬೇಡ, "ಒಂದ್ಸಲ ನೋಡಿ ಅತ್ತೆ" ಎಂದು ಕೈಗೇ ಕೊಡು.

ಶಾಖೆಯಲ್ಲಿ ಇಬ್ಬರು ರಜೆ. ಇಷ್ಟೇ ಬರೆಯಲು ಆಯಿತು. ಮನೆಗೆ ಬಂದರೆ ನಿನ್ನ ಕೋಣೆಯ ದೀಪ ಹಾಕಿಯೇ ಇರುತ್ತದೆ. ಅಮ್ಮ ಯಾಕೆ ಹಾಕುತ್ತಾಳೋ, ನಾನು ಕೇಳಿಲ್ಲ.

ಧನ್ಯಾ


ವಿಜಯವಾಡ
ಜೂನ್ ೬, ಶುಕ್ರವಾರ

ಅಕ್ಕಾ,

ನೀನು ಹೇಳಿದಂತೆಯೇ ಮಾಡುತ್ತಿದ್ದೆ. ಮಂಗಳವಾರ ಧ್ವನಿವರ್ಧಕದ ಬಿಲ್ಲಿಗೆ ಬರೆದಾಗ ಅತ್ತೆಯ ಕೈಗೇ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿ, ಬೆನ್ನು ತಟ್ಟಿ, "ಇನ್ನು ನಾನು ನೋಡೋದು ಅವಸರ ಇಲ್ಲ" ಎಂದರು. ಅಂದರೆ ನಿಧಾನವಾಗಿ ನೋಡುತ್ತಾರೆ ಎಂದುಕೊಂಡೆ.

ನಿನ್ನೆ ದೊಡ್ಡದೊಂದು ಬಂತು. ಅದಕ್ಕೆ ಎಲ್ಲರೂ ರೇವು ಬಿಲ್ಲು ಎನ್ನುತ್ತಾರೆ. ಅತ್ತೆಯ ಕ್ಷೇತ್ರದಲ್ಲಿ ಕೃಷ್ಣಾ ನದಿ ದಾಟಿಸುವ ಸಣ್ಣ ಸಣ್ಣ ದೋಣಿಯ ರೇವುಗಳಿವೆ. ಹಾಲಿನವರು, ಹೂವಿನವರು, ಕೂಲಿಯವರು ಅಲ್ಲಿಂದಲೇ ದಾಟುವುದು. ಆ ರೇವುಗಳನ್ನೆಲ್ಲ ಒಂದೇ ಮಂಡಳಿಯ ಕೈಗೆ ಕೊಟ್ಟು, ದೊಡ್ಡ ದೋಣಿಗಳಿಗೆ ಮಾತ್ರ ಪರವಾನಗಿ ಎಂದು ಬಿಲ್ಲು ಹೇಳುತ್ತದೆ. ಜೀವಕ್ಕೆ ಅಪಾಯವಾಗಬಾರದು ಎಂಬುದು ಸರ್ಕಾರದ ಕಾರಣ. ಸಣ್ಣ ದೋಣಿಯವರು ಏನು ಮಾಡಬೇಕು ಎಂಬುದಕ್ಕೆ ಬಿಲ್ಲಿನಲ್ಲಿ ಒಂದು ಸಾಲೂ ಇಲ್ಲ.

ಅತ್ತೆಗೆ ಮಾತಾಡಲು ಸಮಯ ಸಿಗಲಿಲ್ಲವಂತೆ. ಕೂಗುವ ಮತದಲ್ಲೇ ಮುಗಿಯಿತು. ಸಭೆಯಿಂದ ಹೊರಬರುವಷ್ಟರಲ್ಲಿ ಅವರ ಅಣ್ಣನನ್ನು ಗುಂಟೂರಿನಲ್ಲಿ ಆಸ್ಪತ್ರೆಗೆ ಸೇರಿಸಿದ್ದಾರೆಂದು ತಿಳಿದು ಹಾಗೆಯೇ ಅಲ್ಲಿಗೆ ಹೊರಟರು. ಕಾರಿನಿಂದ ನನಗೆ ಫೋನ್ ಮಾಡಿ ಹೇಳಿದರು. ನಾನು ಅವರ ಮಾತನ್ನೇ ಬರೆದಿಟ್ಟುಕೊಂಡೆ, ಒಂದಕ್ಷರ ಬಿಡದೆ:

"ನಾನು ಕಾದು ಅಂದೆ. ಈ ಬಿಲ್ಲು ಅವಸರ ಇಲ್ಲ. ಈಗಿರೋ ಕಾನೂನು ಸರಿಯಾಗಿ ನಡೆಸಿದರೆ ಚಾಲು."

ಇದನ್ನು ಇಂಗ್ಲಿಷ್‌ನಲ್ಲಿ ಎಷ್ಟು ಚೆನ್ನಾಗಿ ಮಾಡಿದೆ ಗೊತ್ತಾ. ಸ್ವಲ್ಪ ಕಾಯಿರಿ ಎಂದು ನಾನು ಸಭೆಗೆ ಹೇಳಿದೆ, ಈ ಬಿಲ್ಲಿಗೆ ಆತುರವಿಲ್ಲ, ಈಗಿರುವ ಕಾನೂನನ್ನು ಮೊದಲು ಸರಿಯಾಗಿ ನಡೆಸಿ, ಆಮೇಲೆ ಇದನ್ನು ಶುರು ಮಾಡಬಹುದು. ಹೀಗೆ. ಭಾನು ಓದಿ, ನೀನು ಪತ್ರಿಕೆಗೇ ಬರೆಯಬಹುದು ಎಂದರು. ಅತ್ತೆ ಇನ್ನೂ ಬಂದಿಲ್ಲ, ಆದರೆ ಮತ ಹಾಕಿದ ದಿನವೇ ಹಾಳೆ ಬೋರ್ಡಿನಲ್ಲಿರಬೇಕು ಎಂಬುದು ಅವರದೇ ನಿಯಮ. ಅಂಟಿಸಿಬಿಟ್ಟೆ. ತೆಲುಗಿನದು ಅವರು ಬಂದ ಮೇಲೆ ಬರೆಯುತ್ತಾರೆ.

ಒಂದೇ ಒಂದು ಯೋಚನೆ. ದೋಣಿಯವರು ಇದನ್ನು ಓದಿ ಖುಷಿಪಡುತ್ತಾರಾ? ಅತ್ತೆ ಬೇಡವೇ ಬೇಡ ಎನ್ನುತ್ತಾರೆಂದು ಅವರು ನಂಬಿಕೊಂಡಿದ್ದರಂತೆ. ಆದರೆ ಅತ್ತೆ ಯೋಚನೆ ಮಾಡದೆ ಹೇಳುವವರಲ್ಲ.

ಇನ್ನೊಂದು ಹೇಳಲು ಮರೆತೆ, ಮೊನ್ನೆ ಒಂದು ಅವಾಂತರ. ಬೇಳೆ ಕುದಿಯುತ್ತಿತ್ತು. ಅತ್ತೆ ಹೊರಗೆ ಹೋಗುತ್ತ "ಉಪ್ಪು ಅವಸರ ಇಲ್ಲ" ಎಂದರು. ಸರಿ, ಆಮೇಲೆ ಹಾಕೋಣವೆಂದು ಇಳಿಸುವಾಗ ಹಾಕಿದೆ. ಅದು ಮೊದಲೇ ಉಪ್ಪು ಹಾಕಿದ ಬೇಳೆ. ಭಾನು ಎರಡು ಲೋಟ ನೀರು ಕುಡಿದು ಒಂದು ಮಾತೂ ಆಡದೆ ಉಂಡರು. ಅಂಥ ಗಂಡ.

ನಿನ್ನ,
ಹರಿಣಿ


ವಿಜಯವಾಡ
ಜೂನ್ ೯, ಸೋಮವಾರ

ಅಕ್ಕಾ,

ಇದನ್ನು ಅಮ್ಮನಿಗೆ ಓದಬೇಡ.

ಅತ್ತೆ ಶನಿವಾರ ಸಂಜೆ ಗುಂಟೂರಿನಿಂದ ಬಂದು ತೆಲುಗು ಹಾಳೆ ಬರೆದರು. ಅವರ ಕಾರ್ಯದರ್ಶಿ ವೆಂಕಟರಮಣ ಅದನ್ನು ನನ್ನ ಹಾಳೆಯ ಪಕ್ಕದಲ್ಲೇ ಅಂಟಿಸಿದರು. ಭಾನುವಾರ ಬೆಳಿಗ್ಗೆ ಪೇಪರ್ ತೆಗೆದರೆ ಅತ್ತೆಯ ಫೋಟೋ. ಮೇಲೆ ದಪ್ಪಕ್ಷರದಲ್ಲಿ, ತೆಲುಗಿನಲ್ಲಿ ಒಂದು ಮಾತು, ಇಂಗ್ಲಿಷಿನಲ್ಲಿ ಇನ್ನೊಂದು. ನದಿಯವರಿಗೆ ಬಿಲ್ಲನ್ನು ವಿರೋಧಿಸಿದೆ ಎನ್ನುತ್ತಾರೆ, ಸರ್ಕಾರಕ್ಕೆ ಆತುರ ಬೇಡ ಎಂದಷ್ಟೇ ಹೇಳುತ್ತಾರೆ ಎಂದು ಬರೆದಿದ್ದಾರೆ. ಭಾನು ಅದನ್ನು ಓದಿ ಹೇಳಿದರು. ಓಡಿಹೋಗಿ ಬೋರ್ಡು ನೋಡಿದೆ. ತೆಲುಗು ಅಕ್ಷರ ನಾನು ಕೂಡಿಸಿಕೊಂಡು ಓದಬಲ್ಲೆ. ನಿಜವಾಗಿಯೂ 'ವ್ಯತಿರೇಕಿಂಚಾನು' ಎಂದಿದೆ, ವಿರೋಧಿಸಿದೆ ಎಂದು.

ಆಮೇಲೆ ನಾನು ಮಾಡಿದ್ದನ್ನು ಹೇಗೆ ಹೇಳಲಿ. ನನ್ನ ಹಾಳೆಯನ್ನು ಕಿತ್ತು ಮಡಚಿ ಬೀರುವಿನಲ್ಲಿ, ಮದುವೆಯ ಸೀರೆಯ ಕೆಳಗೆ ಇಟ್ಟೆ. ಯಾಕೆ ಎಂದು ಕೇಳಬೇಡ. ಕೈ ತಾನಾಗಿ ಹೋಯಿತು.

ಹತ್ತು ಗಂಟೆಗೆ ದೋಣಿಯವರು ಗೇಟಿನ ಮುಂದೆ ಬಂದರು, ಇಪ್ಪತ್ತು ಮೂವತ್ತು ಜನ. ಅವರ ಸಂಘದ ಸಾಯಿಲಕ್ಷ್ಮಿ ಎಂಬಾಕೆ, ನಮ್ಮ ಅಮ್ಮನ ವಯಸ್ಸು, ಪೇಪರನ್ನು ಸುರುಳಿ ಸುತ್ತಿ ಹಿಡಿದು, "ಏನು ಮೇಡಂ, ನಮಗೊಂದು ನಾಲಿಗೆ, ಅವರಿಗೊಂದು ನಾಲಿಗೆಯಾ? ಮಂತ್ರಿಗಾರು ಆಗಲೇ ಹೇಳುತ್ತಿದ್ದಾರೆ, ನಿಮ್ಮ ಕನಕದುರ್ಗಗಾರಿಗೂ ಬಿಲ್ಲು ಬೇಕು, ನಿಧಾನಕ್ಕೆ ಬೇಕು ಅಷ್ಟೇ ಅಂತ" ಎಂದಳು.

ಅತ್ತೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು: "ಹರಿಣಿ, ನಾನು ಹೇಳಿದ್ದೇ ಬರೆದೆ ಕದಾ?"

"ನೀವು ಹೇಳಿದ್ದೇ ಬರೆದೆ ಅತ್ತೆ."

ಅದು ಸುಳ್ಳಲ್ಲ.

"ಹಾಳೆ ಎಲ್ಲಿ?"

"ಗಾಳಿಗೆ ಹಾರಿರಬೇಕು."

ಅದು ಸುಳ್ಳು.

ವೆಂಕಟರಮಣ ಬೋರ್ಡು ತೋರಿಸಿ, "ಹಾಳೆಯೇ ಇಲ್ಲದ ಮೇಲೆ ಅದರಲ್ಲಿ ಹೀಗೆ ಬರೆದಿತ್ತೆಂದು ಪೇಪರ್‌ನವರು ಹೇಗೆ ತೋರಿಸುತ್ತಾರೆ ಮೇಡಂ?" ಎಂದರು. ಅತ್ತೆ ಎಲ್ಲರ ಮುಂದೆ, ಇದು ಪತ್ರಿಕೆಯವರು ಕಟ್ಟಿದ ಮಾತು, ಅವರು ಕ್ಷಮೆ ಕೇಳಬೇಕು ಎಂದುಬಿಟ್ಟರು. ದೋಣಿಯವರು ಅರ್ಧ ನಂಬಿ ಹೋದರು. ಸಂಜೆ ವರದಿಗಾರ ಫೋನ್ ಮಾಡಿ, ನಮ್ಮ ಹತ್ತಿರ ಹಾಳೆಯ ಫೋಟೋ ಇದೆ, ಬಿಲ್ಲು ಪರಿಷತ್ತಿಗೆ ಬರುವ ದಿನವೇ ಹಾಕುತ್ತೇವೆ ಎಂದನಂತೆ. ಅದು ಮುಂದಿನ ಸೋಮವಾರ, ಹದಿನಾರಕ್ಕೆ. ವಿಧಾನಸಭೆಯಲ್ಲಿ ಪಾಸಾದದ್ದು ಅಲ್ಲೂ ಪಾಸಾಗಬೇಕಂತೆ. ಹಾಕಿಕೊಳ್ಳಲಿ, ಇದ್ದರೆ ತಾನೇ ಎಂದು ಅತ್ತೆ ನಕ್ಕರು. ಅವರ ನಗು ನೋಡಲು ನನಗೆ ಆಗಲಿಲ್ಲ.

ಅಕ್ಕಾ, ನಾನು ಬರೆದಿಟ್ಟುಕೊಂಡ ಮಾತನ್ನು ಹತ್ತು ಸಲ ಓದಿದೆ. ಕಾದು ಅಂದೆ, ಅವಸರ ಇಲ್ಲ. ಅದರಲ್ಲಿ ವಿರೋಧ ಎಲ್ಲಿದೆ? ನನಗೆ ಹೇಳಿದ್ದು ಒಂದು, ಅವರು ಬರೆದದ್ದು ಇನ್ನೊಂದು. ಗುಂಟೂರಿನಲ್ಲಿ ಯಾರಾದರೂ ಏನಾದರೂ ಹೇಳಿದರಾ? ರಾಜಕೀಯದವರು ಹೀಗೇನಾ? ನನಗೆ ಇಷ್ಟು ಹತ್ತಿರವಾದವರು ಹಾಗಿರಬಹುದೆಂದು ನಂಬಲಾಗುತ್ತಿಲ್ಲ, ನಂಬದೆ ಇರಲೂ ಆಗುತ್ತಿಲ್ಲ. ಭಾನುವಿಗೆ ಹೇಳೋಣವೆಂದರೆ ಅದು ಅವರ ತಾಯಿ.

ಬೇಗ ಬರೆ.

ಹರಿಣಿ


ಗಾಜುವಾಕ
ಜೂನ್ ೧೨, ಗುರುವಾರ

ಹರಿಣಿ,

ನಿನ್ನ ಪತ್ರ ಈಗಷ್ಟೇ ಬಂತು. ಎರಡು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ನಮ್ಮ ಶಾಖೆಯ ಲಕ್ಷ್ಮೀಪ್ರಸನ್ನ ಇವತ್ತು ಮಧ್ಯಾಹ್ನದ ರೈಲಿಗೆ ವಿಜಯವಾಡದ ತನ್ನ ತವರಿಗೆ ಬರುತ್ತಿದ್ದಾಳೆ, ಅವಳ ಕೈಲೇ ಇದನ್ನು ಕಳಿಸುತ್ತಿದ್ದೇನೆ. ನೀನು ಒಬ್ಬಳೇ ಇರುವಾಗ ಓದು.

ನಿಮ್ಮ ಅತ್ತೆ ಸುಳ್ಳು ಹೇಳಿಲ್ಲ.

ನಾನು ಇಲ್ಲಿಗೆ ವರ್ಗವಾಗಿ ಬಂದ ಮೊದಲ ವಾರ ದೊಡ್ಡಯ್ಯ ಎಂಬ ಹಿರಿಯರು ಕೌಂಟರಿಗೆ ಬಂದರು. ಚೆಕ್ ಪುಸ್ತಕ ಬೇಕಾ ಎಂದೆ. "ಅವಸರಂ ಲೇದಮ್ಮಾ" ಎಂದರು. ಆತುರವಿಲ್ಲ ತಾನೇ ಎಂದು ಅವರನ್ನು ಕೂರಿಸಿ ಬೇರೆ ಕೆಲಸ ನೋಡಿಕೊಂಡೆ. ಊಟದ ಹೊತ್ತಿಗೆ ಚೆಕ್ ಪುಸ್ತಕ ತಂದು ಕೊಟ್ಟರೆ ಅವರು ನನ್ನನ್ನೇ ಪಿಳಿಪಿಳಿ ನೋಡಿದರು. ತೆಲುಗಿನಲ್ಲಿ ಅವಸರಂ ಎಂದರೆ ಆತುರ ಅಲ್ಲ, ಅಗತ್ಯ. ಅವರು ಹೇಳಿದ್ದು ಅಗತ್ಯವಿಲ್ಲ ಎಂದು. ಇಡೀ ಶಾಖೆ ಒಂದು ತಿಂಗಳು ನನ್ನನ್ನು ಅವಸರಂ ಮೇಡಂ ಎಂದು ಕರೆಯಿತು. ನಾಚಿಕೆಗೆ ನಿನಗೆ ಹೇಳಿರಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಕಾದು ಎಂದರೆ ಅಲ್ಲ, ಇಲ್ಲ. ಇದು ನಿನಗೂ ಗೊತ್ತು, ಆಟೋದವನು ದಿನಕ್ಕೆ ಹತ್ತು ಸಲ ಅನ್ನುತ್ತಾನೆ. ಸಭೆಯಲ್ಲಿ ಒಪ್ಪದವರು ಕೂಗುವುದೂ ಅದನ್ನೇ ಇರಬೇಕು. ಅತ್ತೆ ಕನ್ನಡದ ನಡುವೆ ಅಂದರೆಂದು ನಿನ್ನ ಕಿವಿ ಅದನ್ನು ಕನ್ನಡ ಮಾಡಿಕೊಂಡಿತು. ಚಾಲು ಎಂದರೆ ಶುರು ಅಲ್ಲ, ಸಾಕು. ಈಗ ಅವರ ಮಾತು ಓದು: ನಾನು ಬೇಡ ಎಂದೆ. ಈ ಬಿಲ್ಲಿನ ಅಗತ್ಯವಿಲ್ಲ. ಇರುವ ಕಾನೂನು ಸರಿಯಾಗಿ ನಡೆಸಿದರೆ ಸಾಕು.

ಬೇಳೆಗೆ ಉಪ್ಪು ಬೇಡ ಎಂದಿದ್ದರು. ನೀನು ಬರೆದದ್ದನ್ನು ನಾನು ನೋಡಬೇಕಾಗಿಲ್ಲ ಎಂದಿದ್ದರು. ಅವರಿಗೆ ನಿನ್ನ ಮೇಲೆ ಅಷ್ಟು ನಂಬಿಕೆ.

ಈಗ ಅತ್ತೆ ಪತ್ರಿಕೆಯವರು ಮಾಡದ ತಪ್ಪನ್ನು ಅವರ ಮೇಲೆ ಹೊರಿಸಿದ್ದಾರೆ, ಹಾಳೆ ನಿನ್ನ ಬೀರುವಿನಲ್ಲಿದೆ. ಸೋಮವಾರ ಫೋಟೋ ಬಂದರೆ ಊರಿನ ಕಣ್ಣಿಗೆ ಅವರು ಸುಳ್ಳಿಯಾಗುತ್ತಾರೆ. ಅದಕ್ಕಿಂತ ಮೊದಲು ನಿನ್ನ ಬಾಯಿಂದ ಅವರಿಗೆ ಗೊತ್ತಾಗಬೇಕು. ಭಾನುಪ್ರಕಾಶ್ ಬಾಯಿಂದ ಅಲ್ಲ.

ನಿನ್ನ ಮದುವೆಗೆ ಇನ್ನೂ ಎರಡು ತಿಂಗಳು ತುಂಬಿಲ್ಲ ಎಂಬುದು ನನಗೆ ನೆನಪಿದೆ. ಆದರೂ ಹೇಳಬೇಕು.

ಧನ್ಯಾ


ವಿಜಯವಾಡ
ಜೂನ್ ೧೪, ಶನಿವಾರ

ಅಕ್ಕಾ,

ಹೇಳಿದೆ. ನಿನ್ನೆ ಮಧ್ಯಾಹ್ನ.

ಇಲ್ಲಿ ಇನ್ನೂ ಆವಕಾಯಿಯ ಕಾಲ ಮುಗಿದಿಲ್ಲ. ಹೆಚ್ಚಿದ ಮಾವಿನ ಹೋಳುಗಳನ್ನು ನಾವಿಬ್ಬರೂ ಒಣಬಟ್ಟೆಯಲ್ಲಿ ಒಂದೊಂದಾಗಿ ಒರೆಸುತ್ತಿದ್ದೆವು, ನೀರಿನ ಪಸೆ ಉಳಿದರೆ ಉಪ್ಪಿನಕಾಯಿ ಕೆಡುತ್ತದಂತೆ. ಅತ್ತೆ ಖುಷಿಯಲ್ಲಿದ್ದರು, ಅವರ ಅಣ್ಣ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ನಾನು ಎಲ್ಲಿಂದ ಶುರು ಮಾಡಲಿ ಎಂದು ತಿಳಿಯದೆ ಕೇಳಿದೆ:

"ಅತ್ತೆ, ಅವಸರ ಅಂದರೆ ಏನು?"

"ಬೇಕು ಅನ್ನೋದು. ಯಾಕೆ?"

"ನಮ್ಮ ಕನ್ನಡದಲ್ಲಿ ಅದು ಆತುರ."

ಅವರು ಒರೆಸುವುದನ್ನು ನಿಲ್ಲಿಸಿದರು. "ಕಾದು?"

"ಕಾಯುವುದು."

"ಚಾಲು?"

"ಶುರು ಮಾಡುವುದು."

ಅವರು ಕಾರಿನಿಂದ ನನಗೆ ಹೇಳಿದ ಮೂರು ಸಾಲನ್ನು ತುಟಿಯಲ್ಲೇ ಹೇಳಿಕೊಂಡರು. ಹೋಳುಗಳ ಕಡೆಯೇ ನೋಡುತ್ತಿದ್ದರು. ಆಮೇಲೆ ಹೇಳಿದ್ದು ಬಿಲ್ಲಿನ ಮಾತಲ್ಲ.

"ನಮ್ಮ ಅಮ್ಮ ನನಗೆ ದಿನಾ ಅಂತಿದ್ದಳು, ಅವಸರ ಪಡಬೇಡ, ಅವಸರ ಪಡಬೇಡ ಅಂತ. ಏನೂ ಬೇಕು ಅನ್ನಬೇಡ ಅಂತಿದಾಳೆ ಅಂದ್ಕೊಂಡು ನಾನು ಅವಳ ಹತ್ತಿರ ಏನೂ ಕೇಳಲೇ ಇಲ್ಲ."

ಅಕ್ಕಾ, ಅರವತ್ತು ವರ್ಷದ ಹೆಂಗಸು. ನಾನು ಅವರ ಕೈ ಹಿಡಿದುಕೊಳ್ಳಬೇಕಿತ್ತು. ಹಿಡಿಯಲಿಲ್ಲ, ನಾನು ಹೇಳಬೇಕಾದ ಇನ್ನೊಂದು ಮಾತು ಉಳಿದಿತ್ತು. ಎದ್ದು ಹೋಗಿ ಬೀರುವಿನಿಂದ ಹಾಳೆ ತಂದು ಅವರ ಮುಂದೆ ಇಟ್ಟೆ.

ಅವರು ಅದನ್ನು ನೋಡಿದರು. "ಗಾಳಿಗೆ ಹಾರಿತು ಅಂದೆ."

"ನಾನೇ ತೆಗೆದೆ."

"ನಾನು ಅಷ್ಟು ಜನದ ಮುಂದೆ ಆ ಪೇಪರಿನ ಹುಡುಗ ಕಟ್ಟಿ ಬರೆದ ಅಂದೆ. ನೀನು ಪಕ್ಕದಲ್ಲೇ ನಿಂತಿದ್ದೆ."

ಅವರು ಕೈ ಒರೆಸಿಕೊಂಡು ಎದ್ದರು. "ಮಾತು ತಪ್ಪಿದ್ದು ನಂದೂ ಹೌದು. ಹಾಳೆ ತೆಗೆದದ್ದು ನಿಂದು. ಎರಡನ್ನೂ ಬೇರೆ ಬೇರೆ ಬರೀಬೇಕು" ಎಂದರು. ಅಷ್ಟೇ. ಅದು ಅವರು ನನ್ನ ಜೊತೆ ಆಡಿದ ಕೊನೆಯ ಕನ್ನಡ. ನಿನ್ನೆ ಸಂಜೆಯಿಂದ ತೆಲುಗಿನಲ್ಲೇ ಮಾತಾಡುತ್ತಾರೆ, ಮೆಲ್ಲಗೆ, ಒಂದೊಂದೇ ಪದ ಬಿಡಿಸಿ, ಹೊರಗಿನವರಿಗೆ ಹೇಳುವ ಹಾಗೆ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಹಾಲ್‌ನಲ್ಲಿ ನಾವು ನಾಲ್ವರೇ ಕೂತೆವು. ವೆಂಕಟರಮಣ ಹೇಳಿದರು: "ಪೇಪರ್‌ನವರ ಮೇಲೆ ಹಾಕಿದ್ದು ಅಲ್ಲೇ ಇರಲಿ ಮೇಡಂ. ಫೋಟೋ ಬಂದರೆ ಅದೂ ಕಟ್ಟಿದ್ದೇ ಅಂದರೆ ಆಯಿತು. ಈಗಿನ ಕಾಲದಲ್ಲಿ ಯಾವ ಫೋಟೋ ನಿಜ?" ಭಾನು ಟೈಪಿಂಗ್ ತಪ್ಪು ಎಂದು ಹಾಕಿಬಿಡಮ್ಮಾ ಎಂದರು, ನನ್ನ ಮುಖ ನೋಡದೆ. ನನಗಾಗಿಯೇ ಹಾಗೆಂದರು, ಗೊತ್ತು. ಅತ್ತೆ ಇಬ್ಬರಿಗೂ ಬೇಡ ಎಂದರು. ಐದು ವರ್ಷದಿಂದ ಮತಕ್ಕೆ ಕಾರಣ ಬರೆಯುತ್ತಿದ್ದೇನೆ, ತಪ್ಪಿಗೆ ಬರೆಯದಿದ್ದರೆ ಅವನ್ನು ಯಾರು ಓದುತ್ತಾರೆ ಎಂದರು. ಆಮೇಲೆ ನನ್ನ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದರು, ನಿನ್ನ ಹೆಸರು ಹಾಕಲಾ, ಅಥವಾ ನನ್ನ ಕಚೇರಿಯವರು ಎಂದು ಬರೆಯಲಾ. ಇವತ್ತು ಸಂಜೆ ಐದಕ್ಕೆ ಹಾಳೆ ಪತ್ರಿಕೆಗೂ ಹೋಗುತ್ತದೆ, ಅಷ್ಟರಲ್ಲಿ ಹೇಳು ಎಂದರು.

ಹೆಸರು ಬಂದರೆ ಈ ಊರಿನಲ್ಲಿ ನಾನು ಯಾವಾಗಲೂ ಆ ಸೊಸೆ. ಬರದಿದ್ದರೆ ಬೈಗುಳ ವೆಂಕಟರಮಣನಿಗೆ ಬೀಳುತ್ತದೆ. ಗಡಿಯಾರ ಮೂರೂವರೆ ತೋರಿಸುತ್ತಿದೆ.

ಹರಿಣಿ


ಗಾಜುವಾಕ
ಜೂನ್ ೧೭

ಹರಿಣಿ,

ಇದು ನಿನಗೆ ತಲುಪುವ ಹೊತ್ತಿಗೆ ನೀನು ಏನು ಹೇಳಿದೆ ಎಂಬುದು ಊರಿಗೆಲ್ಲ ಗೊತ್ತಾಗಿರುತ್ತದೆ, ನನಗೆ ಬಿಟ್ಟು. ಫೋನ್ ಮಾಡಿ ಕೇಳೋಣವೆಂದು ಎರಡು ಸಲ ಕೈಗೆತ್ತಿಕೊಂಡು ಕೆಳಗಿಟ್ಟೆ.

ಆಷಾಢ ಈ ತಿಂಗಳ ಇಪ್ಪತ್ತಾರಕ್ಕೆ ಹಿಡಿಯುತ್ತದೆ. ಅಷ್ಟರೊಳಗೆ ನಿನ್ನನ್ನು ಕಳಿಸುತ್ತಾರೆ ತಾನೇ ಎಂದು ಅಮ್ಮ ಕೇಳುತ್ತಿದ್ದಾಳೆ. ಅವಳಿಗೆ ನಾನು ಏನೂ ಹೇಳಿಲ್ಲ.

ಧನ್ಯಾ


ವಿಜಯವಾಡ
ಜೂನ್ ೨೦, ಶುಕ್ರವಾರ

ಅಕ್ಕಾ,

ಐದಕ್ಕೆ ಹತ್ತು ನಿಮಿಷ ಇರುವಾಗ ಹೋಗಿ, ಹೆಸರು ಹಾಕಿ ಎಂದೆ. ಅತ್ತೆ ತಲೆಯಾಡಿಸಿದರು. ಇಂಗ್ಲಿಷ್ ಹಾಳೆಯನ್ನು ನನ್ನ ಕೈಲೇ ಬರೆಸಿದರು. ನಾನು ಈ ಬಿಲ್ಲಿಗೆ ಬೇಡ ಎಂದು ಮತ ಹಾಕಿದೆ, ದೋಣಿಗಳ ಸುರಕ್ಷತೆಗೆ ಈಗಿರುವ ಕಾನೂನೇ ಸಾಕು, ಹೊಸದು ಸಣ್ಣ ದೋಣಿಯವರ ಹೊಟ್ಟೆಯ ಮೇಲೆ ಹೊಡೆಯುತ್ತದೆ. ಕೆಳಗೆ ಎರಡು ತಪ್ಪು, ಬೇರೆ ಬೇರೆ. ಮೊದಲನೆಯದು, ಕಾರಣವನ್ನು ಸೊಸೆಗೆ ಎರಡು ಭಾಷೆ ಬೆರೆಸಿ ಹೇಳಿದೆ, ಅವಳು ತಪ್ಪಾಗಿ ತಿಳಿದಳು, ಬರೆದದ್ದನ್ನು ನಾನು ಓದಲಿಲ್ಲ. ಎರಡನೆಯದು, ಆ ಹಾಳೆಯನ್ನು ನನ್ನ ಸೊಸೆ ಹರಿಣಿ ತೆಗೆದಿಟ್ಟಳು, ಅದು ತಿಳಿಯದೆ ನಾನು ಪತ್ರಿಕೆಯವರನ್ನು ಸುಳ್ಳುಗಾರರೆಂದೆ, ಅವರ ಕ್ಷಮೆ ಕೇಳುತ್ತೇನೆ. ನನ್ನ ಹೆಸರನ್ನು ನಾನೇ ಬರೆಯುವಾಗ ಇಂಗ್ಲಿಷ್ ಅಕ್ಷರ ಎರಡು ಸಲ ತಪ್ಪಿತು.

ಭಾನುವಾರ ಸಾಯಿಲಕ್ಷ್ಮಿ ನಾಲ್ವರನ್ನು ಕರೆದುಕೊಂಡು ಬಂದಳು. ಹಾಳೆಯ ಮುಂದೆ ನಿಂತು, "ನೀನೇನಾ ಆ ಹರಿಣಿ? ಏನಾಯಿತು ಅಂತ ನಮ್ಮ ಭಾಷೆಯಲ್ಲಿ ಹೇಳು" ಎಂದಳು. ನನ್ನ ಮುರುಕು ತೆಲುಗಿನಲ್ಲಿ ಮೂರು ಪದದ ಕಥೆಯನ್ನೂ ಗಾಳಿಗೆ ಹಾರಿತೆಂದ ಸುಳ್ಳನ್ನೂ ಹೇಳಿದೆ. ಚಾಲು ಎಂಬಲ್ಲಿಗೆ ಬಂದಾಗ ಹಿಂದೆ ನಿಂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಸಾಯಿಲಕ್ಷ್ಮಿ ನಗಲಿಲ್ಲ. "ಮೇಡಂ ಬೇಡ ಅಂದದ್ದು ಮನೆಯ ಸೊಸೆಗೇ ಕೇಳಿಸಲಿಲ್ಲ, ಸರ್ಕಾರಕ್ಕೆ ಎಲ್ಲಿ ಕೇಳಿಸುತ್ತೆ" ಎಂದಳು. ಹೋಗುವಾಗ ಮಾತ್ರ, ಇದನ್ನೂ ಗಾಳಿಗೆ ಹಾರಿಸಬೇಡ ತಾಯಿ ಎಂದು ನಾಲ್ಕು ಮೂಲೆಗೂ ಬೆರಳೊತ್ತಿ ಇನ್ನಷ್ಟು ಗಟ್ಟಿ ಅಂಟಿಸಿದಳು.

ಸೋಮವಾರ ಪತ್ರಿಕೆಯವರು ಫೋಟೋವನ್ನೂ ಹಾಕಿದರು, ಅದರ ಕೆಳಗೆ ಅತ್ತೆಯ ಹಾಳೆಯನ್ನೂ ಹಾಕಿದರು. ಪರಿಷತ್ತಿನಲ್ಲಿ ಮಂತ್ರಿಗಳು ಅತ್ತೆಯ ಹೆಸರು ಎತ್ತಲಿಲ್ಲ. ಬಿಲ್ಲು ಪಾಸಾಯಿತು. ಇನ್ನು ರಾಜ್ಯಪಾಲರ ಸಹಿ ಬಿದ್ದರೆ ಅದು ಕಾನೂನು. ನಾನು ಸರಿಯಾಗಿ ಬರೆದಿದ್ದರೂ ಪಾಸಾಗುತ್ತಿತ್ತು ಎಂದು ಭಾನು ಹೇಳುತ್ತಾರೆ. ಇರಬಹುದು. ಬಜಾರಿನಲ್ಲಿ ಕೆಲವರು ತಪ್ಪನ್ನು ಬಡಪಾಯಿ ಸೊಸೆಯ ತಲೆಗೆ ಕಟ್ಟಿದ್ದಾರೆ ಎನ್ನುತ್ತಿದ್ದಾರಂತೆ. ಅದನ್ನು ಕೇಳಿದ ದಿನ ಅತ್ತೆ ಊಟ ಮಾಡಲಿಲ್ಲ. ಇಲ್ಲ, ನಿಜವಾಗಿ ನನ್ನದೇ ತಪ್ಪು ಎಂದು ಬೀದಿಗೆ ಹೋಗಿ ಕೂಗೋಣ ಎನಿಸಿತು. ಕೂಗಿದರೆ ಅದನ್ನೂ ಅವರೇ ಹೇಳಿಸಿದರು ಎನ್ನುತ್ತಾರೆ.

ಈ ವಾರವೆಲ್ಲ ತೆಲುಗೇ. ಅನ್ನ ಬಡಿಸುವಾಗ ತೆಲುಗು, ಹೂ ಕೊಡುವಾಗ ತೆಲುಗು. ನಾನು ಕನ್ನಡದಲ್ಲಿ ಉತ್ತರ ಕೊಟ್ಟರೆ ಕೇಳಿಸಿಕೊಂಡು ಮತ್ತೆ ತೆಲುಗಿನಲ್ಲೇ ಮುಂದುವರಿಸುತ್ತಾರೆ. ಸಿಟ್ಟೋ, ಹೆದರಿಕೆಯೋ, ನನಗೆ ತಿಳಿಯುತ್ತಿಲ್ಲ. ಬುಧವಾರ ಆಷಾಢದ ಮಾತೆತ್ತಿ ತವರಿಗೆ ಹೊರಡು ಎಂದರು. ಎಲ್ಲ ಹೊಸ ಸೊಸೆಯರೂ ಹೋಗುತ್ತಾರೆ, ನಿಜ. ಆದರೆ ಹೋಗುವುದು ಯಾವುದು, ಕಳಿಸುವುದು ಯಾವುದು ಎಂದು ಯಾರನ್ನು ಕೇಳಲಿ? ಭಾನು ಶ್ರಾವಣಕ್ಕೆ ನಾನೇ ಕರೆಯಲು ಬರುತ್ತೇನೆ, ಹುಚ್ಚಿ, ಎಂದರು. ಅವರು ಬರುತ್ತಾರೆ. ನನ್ನ ಚಿಂತೆ ಅವರದಲ್ಲ.

ಈಗ ಒಂದು ಗಂಟೆಯ ಹಿಂದೆ ನಾನು ಪೆಟ್ಟಿಗೆ ತುಂಬುತ್ತಿದ್ದೆ. ಅತ್ತೆ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಟಿಕೆಟ್ಟಿನ ಚೀಟಿ. ಅದನ್ನು ಎರಡು ಸಲ ನೋಡಿಕೊಂಡರು. ಆಮೇಲೆ, ಪರೀಕ್ಷೆಗೆ ಓದಿಕೊಂಡು ಬಂದವರ ಹಾಗೆ, ಒಂದೊಂದೇ ಪದ ಇಟ್ಟು ಕನ್ನಡದಲ್ಲಿ ಹೇಳಿದರು:

"ಅಕ್ಕನಿಗೆ ಬರಿ. ಮಂಗಳವಾರ ಕಳಿಸಬಾರದು, ಬುಧವಾರ ಅಮಾವಾಸ್ಯೆ. ಅದಕ್ಕೆ ಸೋಮವಾರ. ಬೆಳಿಗ್ಗೆ ಹೊರಡೋ ರತ್ನಾಚಲ್. ವಿಶಾಖಪಟ್ಟಣದ ತನಕ ಹೋಗಬೇಡ, ದುವ್ವಾಡದಲ್ಲಿ ಇಳಿ, ಗಾಜುವಾಕಕ್ಕೆ ಅದೇ ಹತ್ತಿರ." ನಿಲ್ಲಿಸಿ, "ನಾನು ಹೇಳಿದ್ದು ಏನು? ನೀನು ಹೇಳು" ಎಂದರು.

ಹೇಳಿದೆ. ನನ್ನ ಕನ್ನಡ ಸರಿ ಇದೆಯಾ ಎಂದು ಅವರು ಕೇಳಿದರು, ಸರಿ ಇದೆ ಎಂದೆ. ಇನ್ನೊಂದು ಸಲ ಹೇಳಿಸಿದರು. ಆಮೇಲೆ ಪೆಟ್ಟಿಗೆಯ ಪಕ್ಕದಲ್ಲಿ ಕೂತು, ನಾನು ಮಡಚಿದ ಸೀರೆಯನ್ನು ಬಿಡಿಸಿ ತಮ್ಮ ಹಾಗೆ ಮಡಚಿಟ್ಟರು. ಈ ಸಾಲು ಬರೆಯುವಾಗಲೂ ಅವರು ಇಲ್ಲೇ ಇದ್ದಾರೆ, ಇನ್ನೊಂದು ಸೀರೆ ಬಿಡಿಸುತ್ತಿದ್ದಾರೆ.

ಹಾಗಾಗಿ ಅವರು ಹೇಳಿದ್ದನ್ನೇ, ಅವರು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ ಅಕ್ಕಾ: ಸೋಮವಾರ, ಜೂನ್ ಇಪ್ಪತ್ತಮೂರು, ರತ್ನಾಚಲ್ ಎಕ್ಸ್‌ಪ್ರೆಸ್, ದುವ್ವಾಡದಲ್ಲಿ ಇಳಿಯುತ್ತೇನೆ.

ಹರಿಣಿ